ತಪ್ಪು ನನ್ನದೇ, ಸ್ವಾಮಿ!

ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ನಮ್ಮ ವಂಶದಲ್ಲೇ ಇಲ್ಲ. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಪೂಜೆ ಮಾಡಿಸಿ, ಮನೆಯ ಮಹಡಿಯಲ್ಲೇ ಇಳಿಸಿಕೊಳ್ಳುವ ಪುರೋಹಿತರು ನಾವು. ವಿಶ್ವನಾಥ ಗಲ್ಲಿಯ ಆಸುಪಾಸಿನಲ್ಲಿ ಹೊಣೆಗಾರಿಕೆ ವಿಮೆಯನ್ನು ಮೊದಲು ಮಾಡಿಸಿದವನು ನಾನೇ. ಪೂರ್ತಿ ಓದಿದವನಂತೂ ಖಂಡಿತ ನಾನೊಬ್ಬನೇ. ಈ ವಿಮೆ ನನ್ನ ಕೈಕಾಲಿಗಲ್ಲ, ಮನೆಯ ಪಾತ್ರೆಪಡಗಕ್ಕೂ ಅಲ್ಲ. ನನ್ನ ತಪ್ಪಿನಿಂದ ಹೊರಗಿನವರಿಗೆ ಪೆಟ್ಟಾದರೆ ಅವರ ಖರ್ಚು ಕಂಪನಿಯದು. ಹೀಗೆಂದು ಹೆಂಡತಿಗೆ ಬಿಡಿಸಿ ಹೇಳಿದಾಗ ಅವಳು, “ಹಾಗಾದ್ರೆ ನಾನು ಬಿದ್ರೆ?” ಎಂದಳು. “ನೀನು ಮನೆಯವಳು, ಬರಲ್ಲ” ಎಂದೆ. ಅಂದು ಸಾರಿಗೆ ಉಪ್ಪು ಬೀಳಲಿಲ್ಲ.

ಈ ಮಳೆಗಾಲದ ಕೊನೆಗೆ ಧಾರವಾಡದ ಕಡೆಯ ಅಜ್ಜಿಯೊಬ್ಬರು ನಮ್ಮ ಅಂಗಳದ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡರು. ಆಪರೇಷನ್ ಆಗಬೇಕೆಂದರು ಡಾಕ್ಟರು. ಜೊತೆಗೆ ಬಂದಿದ್ದ ಮಗಳ ಮುಖ ಬಿಳಿಚಿಕೊಂಡಿತು. “ಚಿಂತೆ ಬಿಡಿ, ನಾನಿದ್ದೇನೆ” ಎಂದು ಎದೆಯುಬ್ಬಿಸಿ ಹೇಳಿದೆ. ನಮ್ಮಲ್ಲಿ ಇಳಿದವರು ಸಾಲ ಹೊತ್ತು ಊರಿಗೆ ಮರಳುವುದೆಂದರೇನು!

ವಿಚಾರಣೆಗೆ ವಿಮೆ ಕಂಪನಿಯ ಸರ್ವೇಯರ್ ಬಂದ. “ಗಲ್ತಿ ಕಿಸ್‌ಕೀ ಹೈ, ಪಂಡಿತ್‌ಜೀ?” ಎಂದ. ತಪ್ಪು ಯಾರದೆಂಬುದೇ ಅವನಿಗೆ ಮುಖ್ಯ. ನನ್ನದೇ ಎಂದೆ. ಮಂಚದ ಮೇಲಿದ್ದ ಅಜ್ಜಿ ತಡೆದರು. “ಅಯ್ಯ, ಭಟ್ರ ತಪ್ಪೇನೈತ್ರಿ ಇದ್ರಾಗ? ನನ್ನ ಕಣ್ಣೇ ಮಬ್ಬು. ದೇವ್ರಂಥಾ ಮನಿ ಇದು!” ಮಗಳು ಅದನ್ನು ಹಿಂದಿಯಲ್ಲಿ ಹೇಳಿಯೂಬಿಟ್ಟಳು. ನನಗೆ ಒಳಗೊಳಗೇ ಹಿಗ್ಗು, ಆದರೆ ಹಿಗ್ಗುವ ಹೊತ್ತು ಅದಲ್ಲ. ಮೆಟ್ಟಿಲಿನ ಪಾಚಿ ತೋರಿಸಿದೆ. ಅವನು ಅದನ್ನು ಬೂಟಿನಿಂದ ಉಜ್ಜಿ, ಇಂಥ ಮನೆಯಲ್ಲಿ ಜನರನ್ನು ಇಳಿಸಿಕೊಳ್ಳುತ್ತೀರಾ ಎಂದು ಮೂಗು ಮುರಿದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಅಜ್ಜ ಹಾಕಿಸಿದ ಕಲ್ಲು ಇದು, ಇಲ್ಲಿ ಯಾರೂ ಜಾರುವುದು ಸಾಧ್ಯವೇ ಇಲ್ಲ ಎಂದು ಕೂಗಿಬಿಟ್ಟೆ. ಅವನ ಪೆನ್ನು ನಿಂತಿತು. ಅಜ್ಜಿಯ ಮಗಳು ನನ್ನ ಮುಖ ನೋಡಿದಳು.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. ಅಂಗಳದ ನಲ್ಲಿ ಸೋರಿ ಮೆಟ್ಟಿಲು ಪಾಚಿಗಟ್ಟುತ್ತಿದೆಯೆಂದು ತಾನು ಮಳೆಗಾಲದ ಉದ್ದಕ್ಕೂ ಹೇಳಿದ್ದನ್ನೂ, ಪ್ರತಿ ಸಲವೂ ನಾನು ಇದೇ ಅಜ್ಜನ ಕಲ್ಲಿನ ಭಾಷಣ ಮಾಡಿದ್ದನ್ನೂ ಅಚ್ಚ ಬನಾರಸಿ ಹಿಂದಿಯಲ್ಲಿ ಸಾವಕಾಶವಾಗಿ ವಿವರಿಸಿದಳು. ಸರ್ವೇಯರ್ ಒಂದಕ್ಷರ ಬಿಡದೆ ಬರೆದುಕೊಂಡ.

ಹಣ ಮಂಜೂರಾಯಿತು. ಆಪರೇಷನ್ ಮುಗಿಸಿಕೊಂಡ ಅಜ್ಜಿ ಇನ್ನೊಮ್ಮೆ ವಿಶ್ವನಾಥನ ದರ್ಶನ ಮಾಡಿಯೇ ರೈಲು ಹತ್ತಿದರು. ಕಂಪನಿಯ ಪತ್ರ ಬಂದ ದಿನ ನಾನು ಪಡಸಾಲೆಯ ನಡುವೆ ನಿಂತು, ಮಂತ್ರ ಹೇಳುವ ಕಂಠದಲ್ಲೇ ಓದಿದೆ: “ಮನೆಯೊಡೆಯರ ನಿರ್ಲಕ್ಷ್ಯ ನಿಸ್ಸಂದೇಹವಾಗಿ ಸಾಬೀತಾಗಿದೆ.” ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಳಿತಳು.

“ರೀ, ಇನ್ನೊಂದ್ಸಲ ಓದಿ” ಎಂದಳು.