ಬೆನ್ನ ಹಿಂದಿನ ನಗು

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಈ ಜನ್ಮದಲ್ಲಿ ಎಲ್ಲಿಗೂ ಮೊದಲು ಹೋಗಿ ಮುಟ್ಟಿದ ಮನುಷ್ಯನಲ್ಲ. ಆದರೆ ಹೋಳಿಗೆ ಮಾತ್ರ ಎಲ್ಲರಿಗಿಂತ ಮೊದಲು ಅವನ ತಾಟಿಗೇ ಬಂದು ಮುಟ್ಟುತ್ತದೆ! ಇದು ಹೇಗೆ? ವರ್ಷಗಟ್ಟಲೆ ವಿಚಾರ ಮಾಡಿದ್ದೇನೆ. ಉತ್ತರ ಸಿಕ್ಕಿಲ್ಲ. ಹೊಟ್ಟೆಯುರಿ ಮಾತ್ರ ಸಿಕ್ಕಿದೆ.

ನಾನು ಶಿಸ್ತಿನ ಮನುಷ್ಯ. ಹುಡುಗನಾಗಿದ್ದಾಗ ಮಠದ ಬೋರ್ಡಿಂಗಿನಲ್ಲಿ ಘಂಟೆ ಬಾರಿಸಿದಾಗ ಎದ್ದು, ಘಂಟೆ ಬಾರಿಸಿದಾಗ ಉಂಡು, ಘಂಟೆ ಬಾರಿಸಿದಾಗ ಮಲಗಿ ದೊಡ್ಡವನಾದೆ. ಆಮೇಲೆ ಗೋಕಾಕದ ಸಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ಊರ ಮಕ್ಕಳ ಕೈಯಲ್ಲಿ ಎಡ-ಬಲ ಮಾಡಿಸಿದೆ. ಸ್ವಾತಂತ್ರ್ಯ ಬಂದ ಹೊಸತು. ದೇಶ ನೆಟ್ಟಗೆ ನಿಲ್ಲಬೇಕಾದರೆ ಮೊದಲು ಪ್ರಜೆಯ ಬೆನ್ನು ನೆಟ್ಟಗೆ ನಿಲ್ಲಬೇಕೆಂದು ನಾನು ನಂಬಿದ್ದೆ. ನನ್ನ ಬೆನ್ನಿಗೆ ಗೌಂಡಿಗಳು ತೂಗುಗುಂಡು ಹಿಡಿದು ನೋಡಿದ್ದರೂ ಕೂದಲೆಳೆಯಷ್ಟು ವಾಲಿಲ್ಲ ಎಂದು ಹೇಳಿ ಹೋಗುತ್ತಿದ್ದರು.

ಷಡ್ಡಕನ ಸಂಗತಿ ಬೇರೆ. ಕಣಗಲಾದಲ್ಲಿ ತಂಬಾಕು ಬೆಳೆಯುತ್ತಾನೆ. ಅವನ ಅಂಗಿಯ ಗುಂಡಿಗಳು ತಮ್ಮ ಮನೆ ಬಿಟ್ಟು ಯಾವಾಗಲೂ ಬಾಜೂ ಮನೆಯಲ್ಲಿರುತ್ತವೆ. ಬಸ್ಸು ಹೊರಟ ಮೇಲೆ ಅವನು ಸ್ಟ್ಯಾಂಡಿಗೆ ಬರುತ್ತಾನೆ. ಬಸ್ಸು ಅವನಿಗಾಗಿ ನಿಲ್ಲುತ್ತದೆ! ನಾನು ಹೊತ್ತಿಗೆ ಸರಿಯಾಗಿ ನಿಂತು ಕೈ ಮಾಡಿದರೆ, “ಜಾಗಾ ಇಲ್ರಿ ಮಾಸ್ತರ” ಎಂದು ಧೂಳು ಹಾರಿಸಿ ಹೋಗುತ್ತದೆ.

ಬೇಸಿಗೆಯಲ್ಲಿ ಅವನು ನಮ್ಮ ಮನೆಗೆ ಬಂದಾಗಿನ ಕಥೆ ಕೇಳಿ. ಸೆಕೆಗೆ ನಾವೆಲ್ಲ ಮಾಳಿಗೆಯ ಮೇಲೆ ಮಲಗುವವರು. ಯಾರ ಚಾಪೆ ಎಲ್ಲಿ ಎಂಬುದನ್ನು ನಾನೇ ಗೊತ್ತು ಮಾಡಿರುತ್ತೇನೆ. ಇವನು ಮಾತ್ರ ನಿಚ್ಚಣಿಕೆಯ ಹತ್ತಿರವೂ ಸುಳಿಯುವುದಿಲ್ಲ.

“ನಾ ಇಲ್ಲೇ ಅಂಗಳದಾಗ ಬೀಳ್ತೇನ್ರಿ ಅಣ್ಣಾರ. ನನಗೂ ನೆಲಕ್ಕೂ ಭಾಳ ದೋಸ್ತಿ.”

ಆಲಸಿ ಎಂದುಕೊಂಡು ಮಾಳಿಗೆ ಹತ್ತಿದೆ. ಸ್ವಲ್ಪ ಹೊತ್ತಿಗೆ ನನ್ನ ದೊಡ್ಡ ಮಗ, “ಅಪ್ಪಾ, ನೀರ ಕುಡದ ಬರ್ತೇನಿ” ಎಂದು ಇಳಿದ. ಬರಲಿಲ್ಲ. ಮಗಳು, “ಅಣ್ಣನ್ನ ಕರಕೊಂಡ ಬರ್ತೇನಿ” ಎಂದು ಇಳಿದಳು. ಅವಳೂ ಬರಲಿಲ್ಲ. ಕೊನೆಗೆ ನನ್ನ ಹೆಂಡತಿ ತಲೆದಿಂಬು ಕಂಕುಳಲ್ಲಿ ಇಟ್ಟುಕೊಂಡು, “ಹುಡುಗ್ರು ಭಾಳ ಗದ್ಲ ಮಾಡಾಕತ್ತಾವು, ನೋಡಿ ಬರ್ತೇನ್ರೀ” ಎಂದಳು. ನೋಡಿ ಬರಲು ತಲೆದಿಂಬು ಯಾಕೆ? ಕೆಳಗೆ ಅವನ ಹಾಡು, ಎಲ್ಲರ ನಗು. ಮೇಲೆ ಇಡೀ ಮಾಳಿಗೆ ನನ್ನದು, ಇಡೀ ಗಾಳಿ ನನ್ನದು, ನಕ್ಷತ್ರಗಳೂ ನನ್ನವೇ! ಅವನ್ನೆಲ್ಲ ತೆಗೆದುಕೊಂಡು ನಾನೇನು ಮಾಡಲಿ?

ಗೋಕಾಕ ಫಾಲ್ಸಿನಲ್ಲಿಯೂ ಇದೇ ಪಾಡು. ತೂಗುಸೇತುವೆಯ ನಟ್ಟನಡುವೆ ನಿಂತು ನಾನು ಮನೆಮಂದಿಗೆ ನೀರು ಎಷ್ಟು ಆಳಕ್ಕೆ ಬೀಳುತ್ತದೆಂದು ತಿಳಿಸಿ ಹೇಳುತ್ತಿದ್ದೇನೆ. ತಿರುಗಿ ನೋಡಿದರೆ ಕೇಳಲು ಯಾರೂ ಇಲ್ಲ. ಎಲ್ಲರೂ ದಂಡೆಯ ಚಹಾದಂಗಡಿಯಲ್ಲಿ, ಅವನ ಸುತ್ತ! ಅವನಂತೂ ಸೇತುವೆಯ ಮೇಲೆ ಒಂದು ಕಾಲನ್ನೂ ಇಟ್ಟಿರಲಿಲ್ಲ.

ಮನೆಯವರು ಹೋಗಲಿ, ತಡೆದುಕೊಳ್ಳಬಹುದು. ಗೆಳೆಯರಿಗೂ ಕೈ ಹಾಕಿದರೆ?

ನನಗೆ ಇಬ್ಬರು ಗೆಳೆಯರು. ಒಬ್ಬ ಮೂಡಲಗಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಬಸಣ್ಣ. ಇನ್ನೊಬ್ಬ ಹುಕ್ಕೇರಿಯ ದವಾಖಾನೆಯೊಂದರಲ್ಲಿ ಕಂಪೌಂಡರನಾಗಿದ್ದ ದಾದಾ. ಬಸಣ್ಣ ಬೋರ್ಡಿಂಗಿನಲ್ಲಿ ನನ್ನ ಬಾಜೂ ಚಾಪೆಯವನು. ಪ್ರತಿವರ್ಷ ಸಾಲೆಯ ಸೂಟಿಯಲ್ಲಿ ನಾವು ಮೂವರೂ ಬೆನ್ನಿಗೆ ಗಂಟು ಕಟ್ಟಿಕೊಂಡು, ಗೊಡಚಿನಮಲ್ಕಿಯ ಕಡೆಯಿಂದ ಮಾರ್ಕಂಡೇಯ ಹೊಳೆಯ ಕೊಳ್ಳಕ್ಕೆ ಇಳಿದು, ಮೂರು ದಿನ ನಡೆದು, ಯೋಗಿಕೊಳ್ಳದ ಹತ್ತಿರ ಹೊರಬೀಳುತ್ತಿದ್ದೆವು. ಮಳೆಗಾಲದಲ್ಲಿ ಹೊಳೆ ಅಲ್ಲಿ ಗುಡುಗುತ್ತದೆ. ಬೇಸಿಗೆಯಲ್ಲಿ ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಬರೀ ಕಲ್ಲು, ಕಳ್ಳಿ, ಮುಳ್ಳು. ನೆರಳೆಂದರೆ ನಮ್ಮ ನೆರಳೇ. ನೀರು ಸಿಗುವುದು ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ. ಬಂಡೆಯ ಮೇಲೆ ರೊಟ್ಟಿ ಬಡಿದರೆ ಹಂಚಿನ ಖರ್ಚು ಉಳಿಯುತ್ತಿತ್ತು!

“ಇಂಥಲ್ಲಿ ಯಾಕ ಹೋಗ್ತೀರಿ?” ಎಂದು ನನ್ನ ಹೆಂಡತಿ ಪ್ರತಿವರ್ಷ ಕೇಳುತ್ತಿದ್ದಳು. ವರ್ಷವಿಡೀ ಬಸಣ್ಣ ಸಾವಕಾರ, ನಾನು ಮಾಸ್ತರ. ಕೊಳ್ಳಕ್ಕೆ ಇಳಿದ ಮೇಲೆ ಮಾತ್ರ ಅವನು ನನ್ನ ಬಸ್ಯಾ. ಮುಂದೆ ನಾನು, ನನ್ನ ಸೀಟಿ. ಹಿಂದೆ ನನ್ನ ಗೆಳೆಯರು. ಅಷ್ಟು ಸುಖ ನನಗೆ ಬೇರೆಲ್ಲಿಯೂ ಇರಲಿಲ್ಲ.

ಅದರಲ್ಲಿಯೂ ಪಾಲು ಕೇಳಲು ಬಂದ, ನನ್ನ ಷಡ್ಡಕ!

“ಅವರನ್ನೂ ಕರಕೊಂಡ ಹೋಗ್ರಿ. ಭಾಳ ಆಶಾ ಮಾಡ್ಯಾರ” ಎಂದಳು ಹೆಂಡತಿ.

“ಮಾಳಗಿ ಹತ್ತಾಕ ಆಲಸ್ಯ ಮಾಡಾಂವ ಕೊಳ್ಳ ಏನ್ ನಡೀತಾನ?”

“ಮುಂದ ನೀವ್ ಇರ್ತೀರಲ್ಲ!”

ಹೊಗಳಿಕೆ ಎಂದು ತಿಳಿದು ಒಪ್ಪಿಬಿಟ್ಟೆ. ಗಂಡಸರು ಕೆಡುವುದೇ ಹೀಗೆ.

ನಮ್ಮ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಪಾತ್ರೆ, ಹಗ್ಗ. ಅವನು ತಂದದ್ದೇನು? ಒಂದು ಕೌದಿ, ಒಂದು ಡಬ್ಬಿ ಕರದಂಟು, ಒಂದು ಜೊತೆ ಭಜನೆಯ ತಾಳ!

“ಕೊಳ್ಳದಾಗ ತಾಳ ಯಾಕೋ?”

“ಅಲ್ಲಿ ಬಂಡಿಗಲ್ಲ ತಿರುಗಿ ಹೇಳ್ತಾವಂತ್ರಿ ಅಣ್ಣಾರ. ನಾವ್ ಒಂದ್ ಹಾಡ್ ಹೇಳಿದ್ರ ಎರಡ ಕೇಳ್ತಾವು. ಒಂದು ಪುಕ್ಕಟ!”

ಬಸಣ್ಣ ಬಿದ್ದು ಬಿದ್ದು ನಕ್ಕ. ಇದೇ ಬಸಣ್ಣ, ನಾನು ಹೇಳುವ ಜೋಕಿಗೆ, “ಹಂಗೇನು?” ಎಂದು ಕೇಳುವವನು.

ಸಾಲು ಹಚ್ಚಿದೆ. ಮೊದಲು ನಾನು, ನನ್ನ ಹಿಂದೆ ಷಡ್ಡಕ, ಆಮೇಲೆ ಅವರಿಬ್ಬರು. “ಛೇ, ನಾ ಹಿಂದಿಂದ ಬರ್ತೇನ್ರಿ” ಎಂದು ಷಡ್ಡಕ ಕೊನೆಗೆ ಹೋಗಿ ನಿಂತ. ಸೀಟಿ ಊದಿ ಕೊಳ್ಳದ ಕಡಿದಾದ ಇಳಿಜಾರಿಗೆ ಹೊರಟೆ. ಮೊದಲನೆಯ ತಿರುವು ದಾಟುವಷ್ಟರಲ್ಲಿ ಹಿಂದೆ ನಗು ಸುರುವಾಯಿತು. ದಾದಾನ ಹೆಜ್ಜೆ ಸಪ್ಪಳ ನಿಂತಿತು. ಎರಡನೆಯ ತಿರುವಿನಲ್ಲಿ ಬಸಣ್ಣನದೂ ನಿಂತಿತು. ತಿರುಗಿ ನೋಡಿದರೆ ನನ್ನ ಹಿಂದೆ ಒಂದು ಓತಿಕ್ಯಾತ ಬಿಟ್ಟರೆ ಯಾರೂ ಇಲ್ಲ! ಅದೂ ತಲೆ ಅಲ್ಲಾಡಿಸುತ್ತಿತ್ತು, ಪಾಪ ಎನ್ನುವ ಹಾಗೆ.

ಕೊಳ್ಳದಲ್ಲಿ ನಗು ಕೇಳಿದ್ದೀರಾ? ಮೂವರು ನಕ್ಕರೆ ಬಂಡೆಗಳೆಲ್ಲ ನಗುತ್ತವೆ. ಒಂದು ಊರಿಗೆ ಊರೇ ನನ್ನ ಬೆನ್ನ ಹಿಂದೆ ನಿಂತು ನಕ್ಕ ಹಾಗಾಯಿತು. ಯಾಕೆ ನಗುತ್ತಿದ್ದಾರೆ? ನನ್ನ ಖಾಕಿ ಚಡ್ಡಿಗೋ? ಅದರ ಕೆಳಗಿನ ಕಾಲಿಗೋ?

“ಏನ್ ನಗಾಕತ್ತೀರಿ?” ಎಂದು ಕೂಗಿದೆ.

“ಏನಿಲ್ಲೋ ಮಾರಾಯಾ, ನೀ ಮುಂದ ನಡಿ!” ಎಂದ ಬಸಣ್ಣ. ಬಂಡೆಗಳೂ ‘ಮುಂದ ನಡಿ, ಮುಂದ ನಡಿ’ ಎಂದವು. ಎಲ್ಲರೂ ಸೇರಿ ನನ್ನನ್ನು ಸಾಗಹಾಕುವವರೇ!

ಮಧ್ಯಾಹ್ನ ಮಡುವಿನ ದಂಡೆಯಲ್ಲಿ ಗಂಟು ಬಿಚ್ಚಿದೆವು. ಒಂದು ಮುಸುವ ಬಂದು ಬಂಡೆಯ ಮೇಲೆ ಕುಳಿತು ನಾಲ್ವರನ್ನೂ ನೋಡಿತು. ವಿಚಾರ ಮಾಡಿತು. ನೆಟ್ಟಗೆ ನನ್ನ ಹತ್ತಿರ ಬಂದು, ನನ್ನ ರೊಟ್ಟಿಯ ಗಂಟನ್ನೇ ಎತ್ತಿಕೊಂಡಿತು! ಸೀಟಿ ಊದಿದೆ. ಅದು ಹಲ್ಲು ಕಿಸಿಯಿತು. ಷಡ್ಡಕ, “ಬಾರಪಾ ತಮ್ಮಾ” ಎಂದು ಒಂದು ಚೂರು ಕರದಂಟು ಚಾಚಿದ. ಅದು ಬಂದು ಅವನ ಮಗ್ಗುಲಲ್ಲಿ ಕುಳಿತು, ನನ್ನ ರೊಟ್ಟಿಗೆ ಅವನ ಕರದಂಟು ಹಚ್ಚಿಕೊಂಡು ತಿಂದಿತು. ಮಂಗಕ್ಕೂ ಅವನೇ ಬೇಕು! ಆಮೇಲೆ ನಾನೂ ಅವನ ಡಬ್ಬಿಗೇ ಕೈ ಚಾಚಬೇಕಾಯಿತಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯ ದಿನ ದಾರಿ ಬಂಡೆಯ ಮೇಲೆ ಏರತೊಡಗಿತು. ಹಾಡು, ತಾಳ, ನಗು ಎಲ್ಲ ಜೋರಾದವು. ಒಂದು ತಿರುವಿನಲ್ಲಿ ಕದ್ದು ನೋಡಿದೆ. ನೋಡಬಾರದಾಗಿತ್ತು. ಬಸಣ್ಣ ಅವನ ಕೈ ಹಿಡಿದುಕೊಂಡಿದ್ದ! ದಾದಾ ಅವನ ಹೆಗಲ ಮೇಲೆ ಕೈ ಹಾಕಿದ್ದ! ಇಷ್ಟು ವರ್ಷಗಳ ಗೆಳೆತನದಲ್ಲಿ ಬಸಣ್ಣ ನನ್ನ ಕೈಯನ್ನು ಒಂದು ಸಲವಾದರೂ ಹಿಡಿದಿದ್ದನೇ? ಬೋರ್ಡಿಂಗಿನಲ್ಲಿ ನನಗೆ ಜ್ವರ ಬಂದಾಗ ನಾಡಿ ನೋಡಲು ಒಮ್ಮೆ ಹಿಡಿದಿದ್ದ. ಅದೂ ತಪ್ಪು ಕಡೆ.

ಮೂರನೆಯ ಬೆಳಿಗ್ಗೆ ತಡೆಯಲಾಗಲಿಲ್ಲ. “ಇವತ್ತ ನೀನ ಮುಂದ ನಡಿಯಪಾ. ಹೆಂಗೂ ಎಲ್ಲಾರೂ ನಿನ್ನ ಮಂದಿನ ಆಗ್ಯಾರ” ಎಂದೆ.

ಷಡ್ಡಕನ ಮುಖ ಬಿಳಚಿತು. ಮರುಕ್ಷಣ ನಕ್ಕ. “ನಿಮ್ಮನ್ನ ಬಿಟ್ಟು ನಾನಾ? ಏನ್ ಚಾಷ್ಟಿ ಮಾಡ್ತೀರಿ ಅಣ್ಣಾರ!”

“ಸುಮ್ನ ನಡಿಯೋ, ನಿಂದೇನ ಹುಚ್ಚು!” ಎಂದು ಬಸಣ್ಣ ಗದರಿದ. ಯಾರಿಗೆ? ನನಗೆ! ಅವನ ಸಲುವಾಗಿ, ನನ್ನ ಬಸ್ಯಾ, ನನಗೆ ಗದರಿದ.

ಆಯಿತು. ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡೆ. ಇನ್ನು ಊದುವುದಿಲ್ಲ, ಇವರ ದಾರಿ ಇವರಿಗೆ. ದಾಪುಗಾಲು ಹಾಕಿ ನಡೆದೆ. ಮುಂದೆ ಕೊಳ್ಳದ ಅತಿ ಇಕ್ಕಟ್ಟಿನ ಜಾಗ. ಹೊಳೆಯ ಪಾತ್ರ ಅಲ್ಲಿ ಧುಮುಕಿ ಕೆಳಗೆ ಹೋಗುತ್ತದೆ. ನಡೆಯುವವರು ಬಂಡೆಗೋಡೆಯ ಮೈಗೆ ಅಂಟಿದ ಸಣ್ಣ ಅಂಚಿನ ಮೇಲೆ ದಾಟಬೇಕು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬರೀ ಗಾಳಿ. ದಾಟಿ ಆಚೆ ಒಂದು ಕಲ್ಲಿನ ಮೇಲೆ ಕುಳಿತು, ನಗು ಬರಲೆಂದು ಕಾಯ್ದೆ.

ನಗು ಬರಲಿಲ್ಲ. ಹಾಡಿಲ್ಲ, ತಾಳವಿಲ್ಲ. ಎರಡು ದಿನಗಳಿಂದ ಯಾವ ಶಾಂತಿಗಾಗಿ ಹಲ್ಲು ಕಡಿದಿದ್ದೆನೋ ಅದು ಸಿಕ್ಕಿತ್ತು. ಹೇಳುತ್ತೇನೆ, ಅಷ್ಟು ಕೆಟ್ಟ ಶಾಂತಿಯನ್ನು ನಾನು ಕೇಳಿಯೇ ಇಲ್ಲ. ಎದ್ದು ತಿರುಗಿ ಹೋದೆ.

ಅಂಚಿನ ನಡುವೆ ಷಡ್ಡಕ ಗೋಡೆಗೆ ಬೆನ್ನು ಒತ್ತಿ ಕುಳಿತಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು. ಬಸಣ್ಣ, ದಾದಾ ಆಚೆ ಈಚೆ ನಿಂತು ಅವನ ಒಂದೊಂದು ತೋಳು ಹಿಡಿದಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ದೆಲೇ? ಸೀಟಿ ಯಾಕ ಊದಲಿಲ್ಲ?” ಎಂದು ಬಸಣ್ಣ ಒದರಿದ.

“ಅಣ್ಣಾರ ಬಂದ್ರ್ಯಾ?” ಎಂದ ಷಡ್ಡಕ, ಕಣ್ಣು ತೆರೆಯದೆ. “ಎತ್ತರದ ಜಾಗಾ ಅಂದ್ರ ಸಣ್ಣಾಂವ ಇದ್ದಾಗಿಂದ ನನ್ನ ಕೈಕಾಲ ಬಿದ್ದ ಹೋಗ್ತಾವ್ರಿ. ನಿಮ್ಮ ಬೆನ್ನ ನೋಡಿಕೋತ ನಡದ್ರ ಏನೂ ಆಗೂದಿಲ್ಲ. ಅದು ಅಷ್ಟ ನೆಟ್ಟಗ ಐತ್ರಿ. ತಿರುವಿನ್ಯಾಗ ಬೆನ್ನ ಮರಿ ಆದ್ರ ಸೀಟಿ ಕೇಳತಿತ್ತು. ಇವತ್ತ ಬೆನ್ನೂ ಇಲ್ಲ, ಸೀಟೀನೂ ಇಲ್ಲ.”

“ಮತ್ತ ಆ ನಗಿ?”

“ಅಂಜಿಕಿ ಬಂದ್ರ ಇವರು ನಗ್ತಾರ” ಎಂದ ದಾದಾ. “ಒಬ್ಬರ ನಕ್ಕರ ಮಳ್ಳ ಹಿಡದಾಂಗ ಕಾಣತೈತಿ ಅಂತ ನಾವೂ ನಕ್ಕೇವಿ. ನಕ್ಕ ನಕ್ಕ ನಮ್ಮ ಹೊಟ್ಟಿ ಹಿಡಕೊಂಡಾವು!”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವ್ ಹೊಳ್ಳಿ ಹೊಳ್ಳಿ ನೋಡತಿದ್ರಿ” ಎಂದ ಷಡ್ಡಕ. “ಬೆನ್ನ ಸೊಟ್ಟಾಗತಿತ್ತು.”

“ಇಷ್ಟ ಅಂಜಿಕಿ ಇದ್ರ ಬಂದ್ಯಾಕೋ?”

“ಕೊಳ್ಳದಾಗ ನೀವು ಬ್ಯಾರೇನ ಮನಶ್ಯಾ ಆಗ್ತೀರಂತ. ಮನೀಗೆ ಬಂದ ಮ್ಯಾಲೂ ಎಂಟು ದಿನಾ ನಗ್ತಿರ್ತೀರಂತ. ಅಕ್ಕಾರ ಹೇಳಿದ್ರು. ನಾ ಎಲ್ಲಾರನ್ನೂ ನಗಸ್ತೇನ್ರಿ, ನೀವಷ್ಟ ನಗೂದಿಲ್ಲ. ಅದನ್ನೊಮ್ಮಿ ನೋಡಬೇಕಂತ ಬಂದೇನ್ರಿ.” ಒಂದು ಕಣ್ಣು ಸ್ವಲ್ಪ ತೆರೆದ. “ಮೂರ ದಿನಾ ಆತು, ಬರೇ ಬೆನ್ನ ಕಂಡೈತ್ರಿ.”

ಸೀಟಿ ಹೊರತೆಗೆದೆ. ಬಾಯಲ್ಲಿಟ್ಟುಕೊಂಡೆ. ಊದಲು ಬರಲಿಲ್ಲ, ನಗು ಬಂದುಬಿಟ್ಟಿತು. ಬಂಡೆಗಳೆಲ್ಲ ನಕ್ಕವು. ಷಡ್ಡಕ ಎರಡೂ ಕಣ್ಣು ತೆರೆದು ನೋಡಿದ. ಆಮೇಲೆ ನಾನು ಅವನಿಗೆ ಬೆನ್ನು ಮಾಡಿ, ಸಾವಕಾಶವಾಗಿ ಒಂದೊಂದೇ ಹೆಜ್ಜೆ ಇಟ್ಟು, ಸೀಟಿ ಊದುತ್ತ ನಡೆದೆ.

ಹೋಳಿಗೆ ಈಗಲೂ ಅವನ ತಾಟಿಗೇ ಮೊದಲು ಬೀಳುತ್ತದೆ. ಬಸ್ಸು ಈಗಲೂ ಅವನಿಗೇ ನಿಲ್ಲುತ್ತದೆ. ಹೊಟ್ಟೆಯುರಿ ಕಡಿಮೆಯಾಗಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ!

ನಾನು ಪೆನ್ಶನ್ ಮೇಲೆ ಬಂದು ಕೆಲವು ವರ್ಷಗಳಾದವು. ಸೊಂಟ ಹಿಡಿದುಕೊಂಡಿದೆ. ಡಾಕ್ಟರರು ಕೈಗೆ ಬಡಿಗೆ ಕೊಟ್ಟಿದ್ದಾರೆ, ಬಾಗಿಯೇ ನಡೆಯಬೇಕು ಎಂದಿದ್ದಾರೆ. ಮೊನ್ನೆ ಮನೆಮಂದಿಯೆಲ್ಲ ಫಾಲ್ಸಿಗೆ ಹೋಗಿದ್ದೆವು. ಎಂದಿನಂತೆ ಎಲ್ಲರೂ ಚಹಾದಂಗಡಿಯಲ್ಲಿ ಅವನ ಸುತ್ತ ಕುಳಿತಿದ್ದರು. ಚಹಾ ಮುಗಿಸಿ ಅವನು ನನ್ನ ಹತ್ತಿರ ಬಂದು, ಸಣ್ಣ ದನಿಯಲ್ಲಿ ಕೇಳಿದ:

“ಅಣ್ಣಾರ, ಇವತ್ತ ಸೇತುವಿ ದಾಟೂಣೇನ್ರಿ?”

ಬಡಿಗೆಯನ್ನು ಅಂಗಡಿಯಲ್ಲಿ ಕೂಡುವ ಬಾಕಿನ ಕೆಳಗೆ ಇಟ್ಟೆ. ನನ್ನ ಹೆಂಡತಿ ನೋಡಿ, ಅದನ್ನು ಕಾಲಿನಿಂದ ಇನ್ನಷ್ಟು ಒಳಗೆ ಸರಿಸಿದಳು. ಮುಂದೆ ನಾನು, ಹಿಂದೆ ಅವನು. ನಡುವಿಗೆ ಬರುವಷ್ಟರಲ್ಲಿ ಗಾಳಿ ಬೀಸಿ ಸೇತುವೆ ತೂಗಿತು. ಬೆನ್ನ ಹಿಂದೆ ನಗು ಸುರುವಾಯಿತು. ಸೊಂಟದಲ್ಲಿ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದೆ.