ಟಿವಿಯೊಳಗೆ ದೊಡ್ಡಪ್ಪ

ನಂಬಲ್ಲ ನೀವು, ನಂಗೇ ಇನ್ನೂ ನಂಬಕ್ಕಾಗ್ತಿಲ್ಲ. ಸೋಸಲೆಲಿ ದೊಡ್ಡಮ್ಮನ ಹಿತ್ತಲಲ್ಲಿ, ಹುಲ್ಲಿನ ಮೆದೆ ಪಕ್ಕ ನಿಂತ್ಕಂಡೇ ಫೋನ್ ಮಾಡ್ತಿದೀನಿ. ನಂಜನಗೂಡು ಬಸ್‌ಸ್ಟ್ಯಾಂಡ್ ಹತ್ರ ನಂದು ಡಿಸೈನ್ ಅಂಗಡಿ ಅಲ್ವಾ, ಫೋಟೋ, ಚಿತ್ರದ ಎಡವಟ್ಟುಗಳು ದಿನಾ ಆಗ್ತಾನೇ ಇರ್ತವೆ. ಆದ್ರೆ ಇವತ್ತಿಂದು ಬೇರೆ ಕಣ್ರೀ.

ಎತ್ತಿನ ಜೋಡಿ

ಮೊನ್ನೆ ಹೆಮ್ಮರಗಾಲದಣ್ಣ ಒಬ್ರು ಅವರ ಎತ್ತಿನ ಜೋಡೀದು ಡಿಜಿಟಲ್ ಚಿತ್ರ ಮಾಡಿಸ್ಕಂಡ್ರು. ಮೊಬೈಲ್‌ಗೆ ಕಳಿಸ್ದೆ. ಮಾರ್ನೇ ದಿನ ಗಾಜಿನ ಫ್ರೇಮ್ ಹಿಡ್ಕಂಡು ಬಂದ್ರು.

"ಇದ್ರೊಳಗೆ ಕೂರ್ಸು ಸಾ."

"ಅದು ಫೋನಲ್ಲಿ ನೋಡೋದು ಕಣಣ್ಣ, ಎಲ್ಲಾದಕ್ಕೂ ಒಗ್ಗಲ್ಲ. ತಗಳೋವಾಗ್ಲೇ ಕೇಳ್ಬೇಕು."

ಅಣ್ಣ ಯೋಚ್ನೆ ಮಾಡಿ ಫೋನನ್ನೇ ಫ್ರೇಮ್ ಒಳಗಿಟ್ರು. "ಸರಿ, ಚಾರ್ಜರ್ ವೈರ್‌ಗೊಂದು ತೂತು ಮಾಡ್ಕೊಡು."

ಮಲಗಿದ ದೊಡ್ಡಪ್ಪ

ಅವರಿಗೆ ಬುದ್ಧಿ ಹೇಳಿದ್ನಲ್ಲ, ಈಗ ನನ್ ಕಥೆ ಕೇಳಿ. ಹೋದ ವರ್ಷ ತೀರ್ಕಂಡ ದೊಡ್ಡಪ್ಪಂಗೆ ಇವತ್ತು ಪಿತೃಪಕ್ಷದ ಎಡೆ. ದೊಡ್ಡಮ್ಮ ಹೇಳಿದ್ರು, "ದೊಡ್ಡದಾಗೊಂದು ಫೋಟೋ ಮಾಡ್ಕೊಡು ಕಣ್ಲಾ. ಗುರ್ತು ಸಿಗ್ದೆ ನಿಮ್ಮ ದೊಡ್ಡಪ್ಪ ಉಣ್ದೆ ಓಗ್ಬುಟ್ರೆ ನನ್ ಜೀವ ತಡೆಯಲ್ಲ."

"ಫೋಟೋ ಯಾಕೆ? ಟಿವಿಲೇ ಬಂದು ಕಣ್ಣು ಮಿಟುಕಿಸ್ತಾರೆ ನೋಡು" ಅಂದ್ಬುಟ್ಟೆ.

ಫೋಟೋಗೆ ಜೀವ ಬರ್ಸೋ ಡಿಸೈನ್ ಆನ್‌ಲೈನಲ್ಲಿ ತಗಂಡೆ. ಉದ್ದಕ್ಕೆ ಹಿಡಿಯೋ ಮೊಬೈಲ್‌ಗೆ ಮಾತ್ರ ಅಂತ ಕೆಳಗೆ ಬರೆದಿತ್ತಂತೆ. ಯಾರ್ ಓದ್ತಾರೆ? ಅದಕ್ಕೆ ದೊಡ್ಡಪ್ಪನ ಫೋಟೋ ಕೂರ್ಸಿ, ವಿಡಿಯೋನ ಅಂಗಡಿ ಪೆನ್‌ಡ್ರೈವ್‌ಗೆ ಹಾಕ್ಕಂಡು ಟಿ. ನರಸೀಪುರಕ್ಕೆ ಬಸ್ ಹತ್ತಿ, ಅಲ್ಲಿಂದ ಸೋಸಲೆಗೆ ಬಂದು ಟಿವಿಗೆ ಚುಚ್ಚಿದ್ರೆ, ದೊಡ್ಡಪ್ಪ ಅಡ್ಡಡ್ಡ ಮಲಗವ್ರೆ!

ದೊಡ್ಡಮ್ಮ ನೋಡಿದ್ರು. "ಉಂಡ್ ಮೇಲೆ ಮಲಗೋರು. ಈಗ ಉಣ್ಣಕ್ ಮುಂಚೇನೇ ಮಲಗವ್ರಲ್ಲೋ."

ಎಡೆ ಇಟ್ಟ ಮೇಲೆ

ಇನ್ನೇನ್ ಮಾಡೋದು, ಟಿವಿನೇ ಎತ್ತಿ ಗೋಡೆಗೆ ಉದ್ದಕ್ಕೆ ನಿಲ್ಲಿಸ್ದೆ. ದೊಡ್ಡಪ್ಪ ಎದ್ದು ಕೂತ್ರು. ದೊಡ್ಡಮ್ಮ ಪರದೆ ಮೇಲೇ ಅವರ ಹಣೆಗೆ ವಿಭೂತಿ ಇಟ್ಟು ಕಣ್ಣೊರೆಸ್ಕಂಡ್ರು. ಮುದ್ದೆ, ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ, ಎಲ್ಲಾ ಇಟ್ಟಾಯ್ತು. ಮನೆಯೋರೆಲ್ಲಾ ಅಡ್ಡಬಿದ್ವಿ.

ಅಷ್ಟ್ರಲ್ಲಿ ದೊಡ್ಡಪ್ಪನ ವಿಡಿಯೋ ಮುಗೀತು. ಟಿವಿ ಸುಮ್ನಿರುತ್ತಾ? ಪೆನ್‌ಡ್ರೈವಲ್ಲಿದ್ದ ಮುಂದಿಂದು ಹಾಕ್ತು. ತಲೆ ಎತ್ತಿ ನೋಡಿದ್ರೆ ಹೆಮ್ಮರಗಾಲದ ಎತ್ತಿನ ಜೋಡಿ! ತಲೆ ಸೂರಿಗೆ, ಬಾಲ ನೆಲಕ್ಕೆ. ವಿಭೂತಿ ಸರಿಯಾಗಿ ಒಂದೆತ್ತಿನ ಹಣೆ ಮೇಲೆ.

ದೊಡ್ಡಮ್ಮ ನಿಧಾನಕ್ಕೆ ಕೈ ಮುಗಿದ್ರು. "ಬಸವಣ್ಣ ಆಗವ್ರೆ ಕಣ್ಲಾ ನಿಮ್ಮ ದೊಡ್ಡಪ್ಪ. ಎಷ್ಟು ಚೆನ್ನಾಗವ್ರೆ ನೋಡು. ಆ ಕೋಳಿ ಸಾರು ಎತ್ತಿಡು, ಮೆದೆಯಿಂದ ಉಲ್ಲು ತಗಂಬಾ ಓಗು."

ನಾನು ಬಾಗ್ಲು ದಾಟೋವಾಗ ಹಿಂದಿಂದ ಕೂಗಿದ್ರು, "ಎರಡು ಕಂತೆ ತಾ. ಪಕ್ದಲ್ಲಿರೋರು ಅವರಣ್ಣನೇ ಇರ್ಬೇಕು."

ದೊಡ್ಡಮ್ಮನ ಮುಖದಲ್ಲಿ ವರ್ಷದ ಮೇಲೆ ಇವತ್ತೇ ನಗು ಕಂಡಿದ್ದು. ಹುಲ್ಲು ನನ್ ಕೈಲದೆ. ನೀವೇ ಹೇಳಿ, ನೀವಾಗಿದ್ರೆ ಏನ್ ಮಾಡ್ತಿದ್ರಿ?