ಕೋಲುಗಳಿಗೆ ಇಟ್ಟ ಕುಂಕುಮ

ಯಾಮಿನಿ ಮಾಡಿದ ತಪ್ಪು ಇಷ್ಟೇ: ಬಲೆ ಬಿಗಿ ಮಾಡೋಣವೆಂದು ಕಾಲೇಜಿನ ಲ್ಯಾಕ್ರೋಸ್ ಕೋಲುಗಳನ್ನೆಲ್ಲ ಮನೆಗೆ ತಂದಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಅವು ಮೈತುಂಬ ಕುಂಕುಮ ಬಳಿದುಕೊಂಡು ದೇವರ ಮುಂದೆ ಸಾಲಾಗಿ ಮಲಗಿದ್ದವು.

“ಅಮ್ಮಾ, ಏನಿದು?”

“ಆಯುಧಪೂಜೆ ಕಣೇ. ನಾಳೆವರೆಗೂ ಮುಟ್ಟೋ ಹಾಗಿಲ್ಲ.”

ಗಂಡ ತೀರಿಕೊಂಡ ಮೇಲೆ ಅಮ್ಮ ಅಲಮೇಲು ತಮ್ಮ ಹಣೆಗೆ ಇಡದ ಕುಂಕುಮವನ್ನೆಲ್ಲ ವರ್ಷಕ್ಕೊಮ್ಮೆ ಮನೆಯ ಸಾಮಾನುಗಳಿಗೆ ಇಟ್ಟು ಮುಗಿಸುತ್ತಿದ್ದರು. ಕಾರು, ಮಿಕ್ಸಿ, ಗರಾಜಿನ ಬಾಗಿಲು.

ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಓಡುವ ಈ ಆಟದಲ್ಲಿ ಯಾಮಿನಿ ಒಂದು ಕಾಲದ ಚಾಂಪಿಯನ್. ಕಾಲೇಜಿನ ಹುಡುಗಿಯರ ತಂಡಕ್ಕೆ ಕೋಚ್ ಆದಮೇಲೆ ಮಾತ್ರ ಒಂದು ಗೆಲುವನ್ನೂ ಕಂಡಿರಲಿಲ್ಲ. ಹುಡುಗಿಯರು ಅವಳ ಮಾತಿಗೆ ತಲೆಯಾಡಿಸುತ್ತಿದ್ದರೇ ಹೊರತು ಕಾಲಾಡಿಸುತ್ತಿರಲಿಲ್ಲ. ಅವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಇವತ್ತಿನ ಆಟಕ್ಕೆ ಕಾಲೇಜಿನ ಕ್ರೀಡಾ ಡೈರೆಕ್ಟರೇ ಬರುವವರಿದ್ದರು. ಯಾಮಿನಿ ಕಾದ ಕಾವಲಿಯ ಮೇಲೆ ನಿಂತವಳಂತೆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದಳು.

ಮೇಲಿನ ಮನೆಯ ಚಕ್ರಪಾಣಿ ಮೆಲ್ಲಗೆ ಒಳಗೆ ಬಂದು, ಪೂಜೆಗಿಟ್ಟಿದ್ದ ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡರು.

“ಅಂಕಲ್! ನೀವು ತೆಗೀಬಹುದು, ನಾನು ತೆಗೀಬಾರ್ದಾ?”

“ನಂದು ಆಫೀಸ್ ಎಮರ್ಜೆನ್ಸಿ ಅಮ್ಮ, ದೇವರಿಗೆ ಅರ್ಥ ಆಗತ್ತೆ. ನಿಂದು ಆಟ ತಾನೆ?”

ಕೊನೆಗೆ ಅಲಮೇಲುವೇ ದಾರಿ ಹುಡುಕಿದರು. ಕೋಲು ಹೋದಲ್ಲಿಗೆ ದೇವರೂ ಹೋದರೆ ಪೂಜೆ ಕೆಡುವುದಿಲ್ಲ. ಕುಂಕುಮ ಮಾತ್ರ ಒರೆಸಕೂಡದು. ಚಾಮುಂಡಿಯ ಪಟ ಸೀಟ್ ಬೆಲ್ಟ್ ಕಟ್ಟಿಕೊಂಡು ಮುಂದೆ ಕೂತಿತು. ಅಲಮೇಲು ಹಿಂದೆ, ಅವರ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಲ್ಯಾಪ್‌ಟಾಪ್ ಸಮೇತ ಚಕ್ರಪಾಣಿ. ಪರದೇಶದ ತಮ್ಮೂರು ಬೆಲ್ವ್ಯೂ ಬಿಟ್ಟು ಸೇತುವೆ ದಾಟುವಾಗಲೇ ಸೋನೆ ಹಿಡಿಯಿತು.

ಆಟ ಇನ್ನೂ ಬಿಸಿಯೇರಿರಲಿಲ್ಲ, ಅಂಪೈರ್ ಸೀಟಿ ಊದಿದಳು. ಯಾಮಿನಿಯ ತಂಡದ ಹುಡುಗಿಯೊಬ್ಬಳ ಅಂಗೈ, ಅಂಗಿ ಎಲ್ಲ ಕೆಂಪು. ರಕ್ತ ಕಂಡರೆ ಹೊರಗೆ ಹೋಗಲೇಬೇಕು, ಅದು ನಿಯಮ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೆನೆದ ಕೋಲು ಹಿಡಿದವರೆಲ್ಲ ಯುದ್ಧದಿಂದ ಮರಳಿದವರಂತೆ ಬಂದು ಬೆಂಚು ತುಂಬಿದರು.

“ಅದು ರಕ್ತ ಅಲ್ಲ!” ಯಾಮಿನಿ ಕೂಗಿದಳು.

“ಮತ್ತೇನು?”

ಯಾಮಿನಿ ಇಂಗ್ಲಿಷಿನಲ್ಲಿ ಕುಂಕುಮಕ್ಕೆ ಮಾತು ಹುಡುಕುತ್ತಿರುವಾಗಲೇ ಅಲಮೇಲು ಭರಣಿ ಹಿಡಿದು ಮೈದಾನಕ್ಕೆ ನುಗ್ಗಿದರು. ಅಂಪೈರ್ ಹುಡುಗಿಯ ಗಲ್ಲ ಹಿಡಿದು ಹಣೆಗೆ ಬೊಟ್ಟು ಇಟ್ಟೇಬಿಟ್ಟರು.

“ನೋಡಮ್ಮ, ರಕ್ತಾನಾ ಇದು?”

ಅಂಪೈರ್ ಹಣೆ ಮುಟ್ಟಿ, ಬೆರಳು ಮೂಸಿ, ಹುಡುಗಿಯರನ್ನೆಲ್ಲ ಒಳಗೆ ಕರೆದಳು. ಆಮೇಲೆ, ಹೊರಗಿನವರನ್ನು ಮೈದಾನಕ್ಕೆ ಬಿಟ್ಟ ತಪ್ಪಿಗೆ ಕೋಚನ್ನು ಬೇಲಿಯಾಚೆ ಕಳಿಸಿದಳು. ಖಾಲಿಯಾದ ಕೋಚಿನ ಜಾಗದಲ್ಲಿ ಅಲಮೇಲು ಕೂತರು. ಬೊಟ್ಟಿಟ್ಟ ಕೈಯನ್ನು ಹಿಡಿದು ಎಬ್ಬಿಸಲು ಅಂಪೈರಿಗೆ ಮನಸ್ಸಾಗಲಿಲ್ಲ.

“ಏಯ್ ಜುಟ್ಟಿನವಳೇ, ಬಾಯ್ಬಿಟ್ಕೊಂಡು ಏನ್ ನೋಡ್ತೀಯಾ? ಓಡೇ! ನೀನು, ಉದ್ದದವಳು, ಅವಳ್ನ ಬಿಡಬೇಡ!”

ಹುಡುಗಿಯರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿದರು. ಯಾಮಿನಿ ತಂತಿಬೇಲಿಗೆ ಮೂಗು ಒತ್ತಿ ನೋಡುತ್ತಿದ್ದಂತೆಯೇ ಅವಳ ತಂಡ ಮೊದಲ ಸಲ ಗೆದ್ದಿತು.

ಡೈರೆಕ್ಟರ್ ಬೇಲಿಯ ಹತ್ತಿರ ಬಂದರು. ಅವರು ಬಾಯಿ ತೆರೆಯುವ ಮೊದಲೇ ಯಾಮಿನಿ, “ಸರ್, ನಮ್ಮಮ್ಮ ಇನ್ಮೇಲೆ ಈ ಕಡೆ ಸುಳಿಯಲ್ಲ. ಮಾತು ಕೊಡ್ತೀನಿ” ಎಂದಳು.

ಅವರ ಮುಖ ಸಪ್ಪಗಾಯಿತು. “ಛೆ! ಅವರೂ ಬರೋದಾದ್ರೆ ನಿಮಗೆ ಇನ್ನೊಂದು ವರ್ಷ ಕೊಡೋಣ ಅಂತಿದ್ದೆ.”

ಯಾಮಿನಿ ಅಮ್ಮನ ಬಳಿ ಓಡಿದಳು. “ಅಮ್ಮಾ, ನನ್ನ ಕೆಲಸ ಈಗ ನಿನ್ನ ಕೈಲಿದೆ. ಪ್ರತಿ ಆಟಕ್ಕೂ ಬರ್ತೀಯಾ?”

“ಬರ್ತೀನಿ. ಅದಕ್ಕೇನಂತೆ?” ಅಲಮೇಲು ಬೆಂಚಿನಲ್ಲಿ ಇನ್ನಷ್ಟು ಹರಡಿಕೊಂಡು ಕೂತರು. “ಆದ್ರೆ ಆ ಸೀಟಿ ಊದೋ ಹುಡುಗಿ ಹೇಳಿದ್ದು ನಂಗೂ ಸರಿ ಅನ್ಸತ್ತೆ ಕಣೇ. ಆಟ ನಡೀವಾಗ ನೀನು ಬೇಲಿ ಆಚೆನೇ ನಿಂತ್ಕೊ.”